ಆಕ್ಷೇಪಣೆ ಬರೆಸಲು ಬಂದವರು

ಹೊನ್ನಾವರ ಪೇಟೆಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಜೆರಾಕ್ಸ್, ಟೈಪಿಂಗ್, ಪಹಣಿ ತೆಗೆದುಕೊಡುವುದು, ಆನ್‌ಲೈನ್ ಅರ್ಜಿ ತುಂಬುವುದು. 2025ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ, ಚೌತಿ ಹಬ್ಬದ ಗಡಿಬಿಡಿಯಲ್ಲೂ, ಅಂಗಡಿಗೆ ಬಂದವರಲ್ಲಿ ಬಹಳಷ್ಟು ಜನರಿಗೆ ಬೇಕಿದ್ದದ್ದು ಒಂದೇ: ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಒಂದು ಆಕ್ಷೇಪಣೆ ಪತ್ರ. ಸೆಪ್ಟೆಂಬರ್ 16ಕ್ಕೆ ಸಾಗರ ತಾಲೂಕಿನ ಕಾರ್ಗಲ್‌ನಲ್ಲಿ, 18ಕ್ಕೆ ನಮ್ಮ ತಾಲೂಕಿನ ಗೇರುಸೊಪ್ಪೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಿಗದಿಯಾಗಿತ್ತು. ಬಾಯಲ್ಲಿ ಹೇಳಬಹುದು, ಬರೆದೂ ಕೊಡಬಹುದು. ಹೊಳೆಯ ಆಚೆ ಈಚೆ ದಡದವರು, ಬಳ್ಕೂರು, ಸರಳಗಿ, ಉಪ್ಪೋಣಿ, ಮಾವಿನಕುರ್ವೆ ಕಡೆಯವರು ಬರೆದೇ ಕೊಡುತ್ತೇವೆ ಎಂದು ಬಂದರು.

ಅವರು ಹೇಳುತ್ತಾ ಹೋದರು, ನಾನು ಕೀಬೋರ್ಡ್ ಒತ್ತುತ್ತಾ ಹೋದೆ. ಟೈಪ್ ಮಾಡುವವರು ಸಾಮಾನ್ಯವಾಗಿ ಓದುವುದಿಲ್ಲ, ಅಕ್ಷರ ನೋಡುತ್ತಾರೆ ಅಷ್ಟೆ. ಈ ಪತ್ರಗಳನ್ನು ಮಾತ್ರ ನಾನು ಓದಿದೆ. ಆಮೇಲೆ ಇಐಎ ವರದಿಯ, ಅಂದರೆ ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂಬ ಅಧ್ಯಯನದ, ಕನ್ನಡ ಸಾರಾಂಶ ಓದಿದೆ, ಕಾನೂನಿನ ಪುಟ ಹುಡುಕಿ ಓದಿದೆ. ಓದುತ್ತಾ ನನಗೆ ಬಂದ ಅಭಿಪ್ರಾಯವನ್ನು ಇಲ್ಲಿ ಬರೆದಿಡುತ್ತೇನೆ. ಸರಕಾರ ಯೋಜನೆಯನ್ನು ಪರಿಶೀಲಿಸುತ್ತದೆ. ಹೊಳೆಯನ್ನು ಪರಿಶೀಲಿಸುವ ಕಚೇರಿ ಒಂದೂ ಇಲ್ಲ. ಹೊಳೆಯ ಇಡೀ ಚಿತ್ರ ನನಗೆ ಸಿಕ್ಕಿದ್ದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದವರ ಬಾಯಲ್ಲಿ.

ಮೊದಲು ಯೋಜನೆ ಏನು ಅಂತ ಹೇಳುತ್ತೇನೆ. ಬೆಂಗಳೂರಿನಲ್ಲಿರುವ ಓದುಗರಿಗೆ ಜೋಗದ ಜಲಪಾತ ಗೊತ್ತು, ಅದರ ಕೆಳಗಿನ ಕಣಿವೆ ಗೊತ್ತಿರಲಿಕ್ಕಿಲ್ಲ. ಮೇಲೆ ಘಟ್ಟದಲ್ಲಿ ತಳಕಳಲೆ ಜಲಾಶಯ. ಲಿಂಗನಮಕ್ಕಿಯ ನೀರು ಅಲ್ಲಿಗೆ ಬಂದು, ಅಲ್ಲಿಂದ ಪೈಪಿನಲ್ಲಿ ಇಳಿದು 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು, ಅದರ ಬುಡದಲ್ಲಿ, ಮೇಲೆ ಬಳಸಿ ಬಿಟ್ಟ ನೀರಿನಿಂದಲೇ ಮತ್ತೆ ಕರೆಂಟು ತೆಗೆಯುವ 240 ಮೆಗಾವ್ಯಾಟ್‌ನ ಟೇಲ್‌ರೇಸ್ ಘಟಕ. ಈ ಎರಡು ಜಲಾಶಯಗಳ ನಡುವಿನ ಎತ್ತರ 450 ಮೀಟರಿಗೂ ಹೆಚ್ಚು. ಕರ್ನಾಟಕ ವಿದ್ಯುತ್ ನಿಗಮ ಮಾಡಹೊರಟಿರುವುದು, ನಮ್ಮ ಕಡೆ ಎಲ್ಲರ ಬಾಯಲ್ಲಿ ಅದು ಬರೀ ಕೆಪಿಸಿ, ಈ ಎರಡರ ನಡುವೆ ಗುಡ್ಡದ ಹೊಟ್ಟೆಯಲ್ಲಿ ಸುರಂಗ ಕೊರೆದು, ನೆಲದಡಿ ವಿದ್ಯುದಾಗಾರ ಕಟ್ಟಿ, ತಲಾ 250 ಮೆಗಾವ್ಯಾಟ್‌ನ ಎಂಟು ಯಂತ್ರ ಕೂರಿಸುವುದು. ಒಟ್ಟು 2,000 ಮೆಗಾವ್ಯಾಟ್. ಹಗಲು ಸೋಲಾರ್ ಕರೆಂಟು ಹೆಚ್ಚಾದಾಗ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತುವುದು, ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಎತ್ತಲು ಬೇಕಾಗುವ ವಿದ್ಯುತ್ತು ವಾಪಸು ಸಿಗುವುದಕ್ಕಿಂತ ಹೆಚ್ಚು. ಇಂಥ ಎಲ್ಲ ಘಟಕಗಳಲ್ಲೂ ನೂರರಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಪಾಲು ನಷ್ಟವಾಗುತ್ತದೆ. ಖರ್ಚು ಹತ್ತು ಸಾವಿರ ಕೋಟಿಯ ಆಸುಪಾಸು.

ಯೋಜನೆಯ ಪರವಾದ ವಾದದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲಾರೆ. ನನಗೂ ಕರೆಂಟು ಬೇಕು, ಕರೆಂಟು ಹೋದರೆ ನನ್ನ ಅಂಗಡಿ ಬಂದ್. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಸೂರ್ಯ ಮುಳುಗಿದ ಮೇಲೆ ಅದು ಕೊಡುವುದು ಸೊನ್ನೆ. ಹಗಲಿನದನ್ನು ಸಂಜೆಗೆ ಕೂಡಿಡುವ ಏನಾದರೊಂದು ವ್ಯವಸ್ಥೆ ರಾಜ್ಯಕ್ಕೆ ಬೇಕೇ ಬೇಕು. ನೀರೆತ್ತಿ ಇಡುವ ವಿಧಾನ ಹಳೆಯದು, ಪಳಗಿದ್ದು. ತಮಿಳುನಾಡಿನ ಕಾಡಂಪಾರೈಯಲ್ಲಿ 400 ಮೆಗಾವ್ಯಾಟ್, ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 900 ಮೆಗಾವ್ಯಾಟ್‌ನ ಘಟಕಗಳಿವೆ. ಇಲ್ಲಿ ಎರಡು ಜಲಾಶಯ ಈಗಾಗಲೇ ಇವೆ, ಹೊಸ ಅಣೆಕಟ್ಟು ಬೇಡ, ಹೊಸದಾಗಿ ಊರು ಮುಳುಗುವುದಿಲ್ಲ ಎಂಬುದು ಕೆಪಿಸಿಯ ಮಾತು. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಅನುಕೂಲದ ಜಾಗ ಇಲ್ಲ.

ಆದರೆ ಆ ಎರಡು ಜಲಾಶಯಗಳ ನಡುವೆ ಇರುವುದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. ಸಿಂಗಳೀಕ ಅಂದರೆ ಸಿಂಹಬಾಲದ ಮಂಗ. 930 ಚದರ ಕಿಲೋಮೀಟರ್. 1972ರಿಂದ ಇದ್ದ ಶರಾವತಿ ಅಭಯಾರಣ್ಯಕ್ಕೆ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವನ್ನೂ ಮತ್ತಷ್ಟು ಕಾಡನ್ನೂ ಸೇರಿಸಿ 2019ರಲ್ಲಿ ಸರಕಾರವೇ ಅದಕ್ಕೆ ಈ ಹೆಸರು ಕೊಟ್ಟಿತು. ಸಿಂಗಳೀಕದ ಹೆಸರಿಟ್ಟ ಕಾಡಿನೊಳಗೇ 54 ಹೆಕ್ಟೇರಿಗೂ ಮಿಕ್ಕಿ ಅರಣ್ಯ ಭೂಮಿ ಕೇಳಿದ್ದಾರೆ. ಕಡಿಯಬೇಕಾದ ಮರ 15 ಸಾವಿರಕ್ಕೂ ಹೆಚ್ಚು.

54 ಹೆಕ್ಟೇರು 930 ಚದರ ಕಿಲೋಮೀಟರಿನಲ್ಲಿ ಎಷ್ಟು, ಏನೂ ಅಲ್ಲ ಅಂತ ನನ್ನ ಅಂಗಡಿಯಲ್ಲೇ ಒಬ್ಬರು ವಾದಿಸಿದರು. ಲೆಕ್ಕ ಸರಿ. ಸಿಂಗಳೀಕ ಮಾತ್ರ ಆ ಲೆಕ್ಕದಲ್ಲಿ ಬದುಕುವುದಿಲ್ಲ. ನಮ್ಮ ತೋಟಕ್ಕೆ ನುಗ್ಗುವ ಮಂಗಗಳ ಹಾಗೆ ಅದು ನೆಲಕ್ಕಿಳಿದು ರಸ್ತೆ ದಾಟಿ ಎಲ್ಲಿ ಬೇಕಾದರೂ ಹೋಗುವ ಪ್ರಾಣಿಯಲ್ಲ. ಮರದ ತುದಿಯಿಂದ ಮರದ ತುದಿಗೆ ಹೋಗುತ್ತದೆ. ಮೇಲೆ ಕೊಂಬೆಗೆ ಕೊಂಬೆ ತಾಗಿರುವ ನಿತ್ಯಹಸಿರು ಕಾನು ಬೇಕು ಅದಕ್ಕೆ, ವರ್ಷದ ಹನ್ನೆರಡು ತಿಂಗಳೂ ಯಾವುದಾದರೊಂದು ಹಣ್ಣು ಸಿಗುವಂಥದ್ದು. ಕಾಡಿನ ನಡುವೆ ಒಂದು ರಸ್ತೆ ಅಗಲವಾದರೆ, ಕಳೆದುಹೋಗುವುದು ರಸ್ತೆಯಷ್ಟೇ ಜಾಗ; ಬೇರೆಯಾಗುವುದು ಎರಡು ಗುಂಪು. ಆಚೆಯ ಗಂಡು ಈಚೆ ಬರುವುದಿಲ್ಲ. ಗೇರುಸೊಪ್ಪೆ ಘಾಟಿಯ ಹೆದ್ದಾರಿಯಲ್ಲಿ ಓಡಾಡುವವರಿಗೆ ಗೊತ್ತು, ರಸ್ತೆಯ ಮೇಲೆ ಮರಗಳು ಕೈಕೈ ಹಿಡಿದಂತಿರುವ ಜಾಗಗಳು ಈಗ ಎಷ್ಟು ಕಡಿಮೆಯಾಗಿವೆ ಅಂತ. ಸುರಂಗ ನೆಲದಡಿ ಇರುತ್ತದೆ, ಸರಿ. ಸುರಂಗಕ್ಕೆ ಹೋಗುವ ದಾರಿ, ಕಲ್ಲು ಮಣ್ಣು ತುಂಬಿದ ಲಾರಿ, ಆ ಕಲ್ಲು ಮಣ್ಣು ಸುರಿಯುವ ಜಾಗ, ಕೆಲಸದವರ ಶೆಡ್ಡು, ವಿದ್ಯುತ್ ಮಾರ್ಗ, ಇವೆಲ್ಲ ನೆಲದ ಮೇಲೆಯೇ.

ಅದೇ ಕಣಿವೆಯ ಅಂಚಿನಲ್ಲಿ ಕತ್ತಲೆಕಾನು ಇದೆ. ಅಲ್ಲಿ ರಾಂಪತ್ರೆ ಜಡ್ಡಿಗಳಿವೆ: ವರ್ಷವಿಡೀ ನೀರು ನಿಂತ ಕೆಸರಿನಲ್ಲಿ ಮಂಡಿ ಮಡಚಿದ ಹಾಗೆ ಬೇರು ಮೇಲೆತ್ತಿ ನಿಂತ ಮರಗಳು. ಕತ್ತಲೆಕಾನಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟು ಹೆಚ್ಚು ವರ್ಷವೇನೂ ಆಗಿಲ್ಲ. ಇಷ್ಟು ಹಳೆಯ ಕಾಡಿನಲ್ಲಿ ಇನ್ನೂ ಹೊಸ ಮರ ಸಿಗುತ್ತಿದೆ. ಜಡ್ಡಿಗೆ ಬೇಕಾದದ್ದು ಗುಡ್ಡದೊಳಗಿಂದ ಬೇಸಿಗೆಯಲ್ಲೂ ಒಸರುವ ಸಣ್ಣ ಒರತೆ. ಗುಡ್ಡದ ಒಳಗೆ ದೊಡ್ಡ ಸುರಂಗ ಕೊರೆದರೆ ಸುತ್ತಲಿನ ಒರತೆಗಳ ದಾರಿ ಏನಾಗುತ್ತದೆ? ಉಪ್ಪೋಣಿ ಕಡೆಯ ಅಡಿಕೆ ತೋಟದವರೊಬ್ಬರು ಬರೆಸಿದ್ದೂ ಹೆಚ್ಚುಕಡಿಮೆ ಇದನ್ನೇ. ‘ನಮ್ಮ ತೋಟಕ್ಕೆ ಬೋರ್‌ವೆಲ್ ಇಲ್ಲ, ಗುಡ್ಡದ ಅಬ್ಬಿ ನೀರೇ ಆಧಾರ, ಅದು ನಿಂತರೆ ಯಾರನ್ನು ಕೇಳುವುದು ಎಂದು ವರದಿಯಲ್ಲಿ ಬರೆದಿಲ್ಲ.’ ಈ ವಾಕ್ಯವನ್ನು ನಾನು ತಿದ್ದಲಿಲ್ಲ.

ಈಗ ಪರಿಶೀಲನೆಯ ವಿಷಯ. ಇಂಥ ಯೋಜನೆಗೆ ಒಂದೇ ಅನುಮತಿ ಅಲ್ಲ. ಪರಿಸರ ಅನುಮತಿ 2006ರ ಇಐಎ ಅಧಿಸೂಚನೆಯ ಪ್ರಕಾರ. ಅದಕ್ಕೆ ದಿಲ್ಲಿಯ ಪರಿಸರ ಸಚಿವಾಲಯದಲ್ಲಿ ನದಿ ಕಣಿವೆ ಯೋಜನೆಗಳ ತಜ್ಞರ ಸಮಿತಿ. ಕಾಡಿನ ಭೂಮಿ ಕೊಡಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆ. ಅದಕ್ಕೆ ಅರಣ್ಯ ಸಲಹಾ ಸಮಿತಿ. ಅಭಯಾರಣ್ಯವಾದ್ದರಿಂದ 1972ರ ವನ್ಯಜೀವಿ ಕಾಯ್ದೆ. ಅದಕ್ಕೆ ಮೊದಲು ರಾಜ್ಯ ವನ್ಯಜೀವಿ ಮಂಡಳಿ, ಆಮೇಲೆ ರಾಷ್ಟ್ರೀಯ ಮಂಡಳಿಯ ಸ್ಥಾಯಿ ಸಮಿತಿ. ಇದರ ಜೊತೆ 2006ರ ಅರಣ್ಯ ಹಕ್ಕು ಕಾಯ್ದೆ, ಅಂದರೆ ಗ್ರಾಮಸಭೆ. ಓದುವಾಗ ಇಷ್ಟು ಬಾಗಿಲು ದಾಟಬೇಕಲ್ಲ, ಯಾರಾದರೂ ಒಬ್ಬರು ಸರಿಯಾಗಿ ನೋಡಿಯಾರು ಅನಿಸುತ್ತದೆ. ಆಗುವುದು ಹೀಗೆ: ವನ್ಯಜೀವಿ ಸಮಿತಿ ಸಿಂಗಳೀಕವನ್ನು ನೋಡುತ್ತದೆ, ಅರಣ್ಯ ಸಮಿತಿ ಹೆಕ್ಟೇರು ಎಣಿಸುತ್ತದೆ, ತಜ್ಞರ ಸಮಿತಿ ಯೋಜನೆಯ ಸುತ್ತ 10 ಕಿಲೋಮೀಟರಿನ ಅಧ್ಯಯನ ನೋಡುತ್ತದೆ. ಒಂದು ಮನೆಯ ಕೋಣೆಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ, ಮನೆ ಗಟ್ಟಿ ಇದೆಯೇ ಎಂದು ಯಾರನ್ನೂ ಕೇಳದೆ ಇದ್ದ ಹಾಗೆ.

ರಾಷ್ಟ್ರೀಯ ಮಂಡಳಿಯ ಸ್ಥಾಯಿ ಸಮಿತಿ 2025ರ ಜೂನ್‌ನಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ನಮ್ಮ ಅಹವಾಲು ಸಭೆ ನಡೆದದ್ದು ಸೆಪ್ಟೆಂಬರ್‌ನಲ್ಲಿ. ಈ ಹಿಂದೆ ಮುಂದೆ ನನಗೆ ಇವತ್ತಿಗೂ ಸರಿ ಕಂಡಿಲ್ಲ. ಜನರನ್ನು ಕೇಳುವ ಮೊದಲೇ ದೊಡ್ಡವರ ತಲೆ ಆಡಿದ್ದರೆ, ಕೇಳುವಾಗ ಅವರ ಕಿವಿಗೆ ಎಷ್ಟು ಬೀಳುತ್ತದೆ?

ವನ್ಯಜೀವಿ ಕಾಯ್ದೆಯ 29ನೇ ಸೆಕ್ಷನ್ನನ್ನು ಒಬ್ಬ ಡಿಗ್ರಿ ಹುಡುಗ ತನ್ನ ಆಕ್ಷೇಪಣೆಯಲ್ಲಿ ಸೇರಿಸಲು ಹೇಳಿದ. ಮೊಬೈಲಿನಲ್ಲಿ ತೋರಿಸಿ, ಅಕ್ಕಾ ಇದನ್ನು ಹಾಗೇ ಹಾಕಿ ಅಂದ. ಅಭಯಾರಣ್ಯದಲ್ಲಿ ವನ್ಯಜೀವಿಯ ನೆಲೆಯನ್ನು ಹಾಳು ಮಾಡುವಂತಿಲ್ಲ. ಒಳಗೆ ಬರುವ ಅಥವಾ ಹೊರಗೆ ಹೋಗುವ ನೀರಿನ ಹರಿವನ್ನು ತಿರುಗಿಸುವಂತಿಲ್ಲ, ನಿಲ್ಲಿಸುವಂತಿಲ್ಲ, ಹೆಚ್ಚಿಸುವಂತಿಲ್ಲ. ಅಂಥದ್ದಕ್ಕೆ ಅನುಮತಿ ಕೊಡಬೇಕಾದರೆ ಅದು ವನ್ಯಜೀವಿಗಳ ಒಳಿತಿಗೆ ಮತ್ತು ಅವುಗಳ ಉತ್ತಮ ನಿರ್ವಹಣೆಗೆ ಅಗತ್ಯ ಎಂದು ಮಂಡಳಿಯ ಜೊತೆ ಸಮಾಲೋಚಿಸಿ ಸರಕಾರಕ್ಕೆ ಮನವರಿಕೆಯಾಗಬೇಕು. ಟೈಪ್ ಮಾಡಿ ಮುಗಿಸಿ ನಾನು ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಾ ಕೂತೆ. ಬೆಂಗಳೂರಿನ ಸಂಜೆಯ ಬೇಡಿಕೆಗೆ ಸುರಂಗ ಕೊರೆಯುವುದರಲ್ಲಿ ಸಿಂಗಳೀಕಕ್ಕೆ ಯಾವ ಒಳಿತು? ಯಾರಾದರೂ ಅಧಿಕಾರಿ ಈ ಪ್ರಶ್ನೆಗೆ ಎರಡು ಸಾಲು ಉತ್ತರ ಬರೆಯಲಿ, ನಾನು ಓದಲು ತಯಾರಿದ್ದೇನೆ.

ಇನ್ನು ನಾನು ಹೇಳಲೇಬೇಕಾದದ್ದು ಬಳಚಿನ ವಿಷಯ, ಅಂದರೆ ನಾವು ಹೊಳೆಯಲ್ಲಿ ಹೆಕ್ಕಿ ತಿನ್ನುವ ಚಿಪ್ಪುಜೀವಿಯದು. ಇದು ಯಾವ ಟಿವಿ ಚರ್ಚೆಯಲ್ಲೂ ಬರಲಿಲ್ಲ.

ಹೊಳೆ ಸಮುದ್ರ ಸೇರುವ ಅಳಿವೆಯ ಕಡೆಯ ಒಬ್ಬ ಅಜ್ಜಿ, ವಯಸ್ಸು ಎಪ್ಪತ್ತು ದಾಟಿರಬೇಕು, ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಬಂದಿದ್ದರು. ಕೈ ತುಂಬಾ ಹಳೆಯ ಗಾಯದ ಗೆರೆ. ಚಿಪ್ಪು ಹೆಕ್ಕಿದವರ ಕೈ ಹಾಗೇ ಇರುತ್ತದೆ. ಮೊಮ್ಮಗಳು ಮೊದಲೇ ಪುಸ್ತಕದ ಭಾಷೆಯಲ್ಲಿ ಬರೆದು ತಂದಿದ್ದಳು: ಪರಿಸರ ಅಸಮತೋಲನ, ಜೀವವೈವಿಧ್ಯ ಅಂತೆಲ್ಲ. ಅಜ್ಜಿ ಅದನ್ನು ಬದಿಗಿಟ್ಟು, ನಾ ಹೇಳ್ತೆ, ನೀ ಹೊಡಿ ಅಂದರು. ಅವರು ಹೇಳಿದ್ದು ಇಷ್ಟು. ಮದುವೆಯಾಗಿ ಬಂದಾಗ ಬೇಸಿಗೆಯಲ್ಲಿ ಹೊಳೆ ಇಳಿತ ಆದಾಗ ಮನೆಯ ಹೆಂಗಸರೆಲ್ಲ ಇಳಿದು ಬುಟ್ಟಿ ತುಂಬಾ ಬಳಚು ತರುತ್ತಿದ್ದರು. ಆಮೇಲೆ ಹೊಳೆಗೆ ವರ್ಷವಿಡೀ ಸಪ್ಪೆ ನೀರು ಬರತೊಡಗಿತು. ಬಳಚು ಕಡಿಮೆಯಾಗುತ್ತಾ ಬಂತು. ಗೇರುಸೊಪ್ಪೆ ಅಣೆಕಟ್ಟು ಆದ ಮೇಲೆ ಇನ್ನೂ ಕಡಿಮೆ. ಈಗ ತಮ್ಮ ಮನೆಗೇ ಕುಮಟಾ ಕಡೆಯಿಂದ ಬರುವ ಬಳಚು ಕೊಳ್ಳುತ್ತಾರೆ.

ನನ್ನ ತವರು ಕುಮಟಾ ತಾಲೂಕಿನ ಅಘನಾಶಿನಿ ದಡ. ಅಜ್ಜಿ ಹೇಳಿದ ಮಾತಿನ ಇನ್ನೊಂದು ಅರ್ಧ ನನ್ನ ಕಣ್ಣೆದುರಿನದು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಬೇಸಿಗೆಯಲ್ಲಿ ಹೊಳೆ ತೆಳುವಾಗುತ್ತದೆ, ಭರತಕ್ಕೆ ಸಮುದ್ರದ ಉಪ್ಪು ನೀರು ಒಳನಾಡಿನವರೆಗೆ ಏರುತ್ತದೆ, ಗಜನಿ ಎಂಬ ತಗ್ಗಿನ ಗದ್ದೆಗಳಿಗೆ ನುಗ್ಗುತ್ತದೆ. ಅದೇ ಉಪ್ಪಿನಲ್ಲಿ ಕಗ್ಗ ಭತ್ತ ಬೆಳೆಯುತ್ತದೆ, ಸೀಗಡಿ ಬೆಳೆಯುತ್ತದೆ, ಬಳಚು ಬೆಳೆಯುತ್ತದೆ. ಈಗಲೂ ಇಳಿತದ ಹೊತ್ತಿಗೆ ಸೊಂಟದುದ್ದ ನೀರಿನಲ್ಲಿ ನೂರಾರು ಜನ ಹೆಕ್ಕುತ್ತಿರುತ್ತಾರೆ. ಆ ಅಳಿವೆಗೆ 2024ರಲ್ಲಿ ರಾಮ್‌ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. (ಅದೇ ಅಘನಾಶಿನಿಯನ್ನು ವೇದಾವತಿಗೆ ಜೋಡಿಸುವ ಪ್ರಸ್ತಾವವೂ ಈಗ ಓಡಾಡುತ್ತಿದೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.)

ಎರಡು ಹೊಳೆಯ ಬಾಯಿಗಳ ನಡುವೆ ಬಸ್ಸಿನಲ್ಲಿ ಒಂದು ತಾಸಿನ ದಾರಿ ಕೂಡ ಇಲ್ಲ. ಸಮುದ್ರ ಒಂದೇ, ಮಳೆ ಒಂದೇ. ಒಂದರಲ್ಲಿ ಬಳಚು ಇದೆ, ಇನ್ನೊಂದರಲ್ಲಿ ನಾಮಕಾವಸ್ತೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ತಜ್ಞರು ಉತ್ತರ ಕನ್ನಡದ ಅಳಿವೆಗಳನ್ನು ಅಧ್ಯಯನ ಮಾಡಿ ಇದನ್ನೇ ಹೇಳಿದ್ದಾರೆ: ವಿದ್ಯುದಾಗಾರಗಳಿಂದ ವರ್ಷವಿಡೀ ಬರುವ ಸಿಹಿನೀರಿನಿಂದ ಶರಾವತಿ ಅಳಿವೆಯ ಉಪ್ಪಿನಂಶ ಇಳಿದು ಚಿಪ್ಪುಜೀವಿಗಳು ಕುಸಿದವು. ಲಿಂಗನಮಕ್ಕಿ ಕಟ್ಟುವಾಗ, 1964ರ ಹೊತ್ತಿಗೆ, ಇಂಥ ಪರಿಶೀಲನೆಯ ಕಾನೂನೇ ಇರಲಿಲ್ಲ. ಆಗ ಯಾರೂ ಅಳಿವೆಯ ಬಗ್ಗೆ ಯೋಚಿಸಲಿಲ್ಲ ಎಂದರೆ ಅರ್ಥವಾಗುತ್ತದೆ. ಈಗ ಕಾನೂನಿದೆ, ಅಧ್ಯಯನವಿದೆ, ಅಜ್ಜಿಯೂ ಇದ್ದಾರೆ.

ಈಗಿನ ಯೋಜನೆಯಿಂದ ಅಳಿವೆಗೆ ಏನಾಗುತ್ತದೆ? ಒಂದು ಸುತ್ತಿಗೆ ಎತ್ತಿ ಇಳಿಸುವ ನೀರು ಅರ್ಧ ಟಿಎಂಸಿಗಿಂತ ಕಡಿಮೆ, ಅದು ಅಲ್ಲಲ್ಲೇ ತಿರುಗುವ ನೀರು, ಕೆಳಗೆ ಏನೂ ವ್ಯತ್ಯಾಸವಿಲ್ಲ ಎಂಬ ಉತ್ತರ ಕೇಳಿದ್ದೇನೆ. ಇರಬಹುದು. ಆದರೆ ಗೇರುಸೊಪ್ಪೆ ಜಲಾಶಯ ಕೆರೆಯಂಥದ್ದು, ಲಿಂಗನಮಕ್ಕಿಯಂಥ ಸಮುದ್ರವಲ್ಲ. ಅಲ್ಲಿಂದ ಪ್ರತಿದಿನ ಇಷ್ಟು ನೀರು ಮೇಲಕ್ಕೆ ಹೋಗಿ ಪ್ರತಿ ಸಂಜೆ ವಾಪಸು ಬಂದರೆ ಮಟ್ಟ ಏರಿಳಿಯುತ್ತದೆ. ಆಗ ಟೇಲ್‌ರೇಸ್ ಘಟಕ ಯಾವ ಹೊತ್ತಿಗೆ ಎಷ್ಟು ಬಿಡುತ್ತದೆ? ಬೇಸಿಗೆಯಲ್ಲಿ ಕೆಳಗಿನವರಿಗೆ ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು ಆಗುತ್ತದೆಯೇ? ಹೊಳೆ ಬದಿಯ ಬಾವಿಗಳಿಗೆ ಉಪ್ಪು ಏರುತ್ತದೆಯೇ? ಅರವತ್ತು ವರ್ಷದಲ್ಲಿ ಕೆಳದಡದ ತೋಟಗಳು ಸಪ್ಪೆ ನೀರಿಗೆ ಒಗ್ಗಿಕೊಂಡಿವೆ. ಈಗ ಅದು ದಿನದಿನಕ್ಕೆ ಬದಲಾದರೆ ಅವರಿಗೂ ಕಷ್ಟ. ಬಳಚಿನವರಿಗೆ ಉಪ್ಪು ಬೇಕು, ತೋಟದವರಿಗೆ ಸಪ್ಪೆ ಬೇಕು, ಇಬ್ಬರೂ ನನ್ನ ಅಂಗಡಿಗೆ ಬಂದು ಬರೆಸಿದ್ದು ಒಂದೇ ಬೇಡಿಕೆ: ಮೊದಲು ಅಳೆಯಿರಿ.

ಮೇಲಿನ ದಡದ ಕಥೆ ಬೇರೆ. ಸಾಗರ ಕಡೆ ಮುಳುಗಡೆಯವರು. ಲಿಂಗನಮಕ್ಕಿಗೆ ಹೊಲ ಮನೆ ಕೊಟ್ಟು ಎದ್ದು ಬಂದವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ತುಮರಿ ಕಡೆಯವರು ಅರವತ್ತು ವರ್ಷ ಹಿನ್ನೀರಿನಲ್ಲಿ ಲಾಂಚ್ ಕಾದರು. ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ಕ್ಕೆ. ಅವರಿಗೆ ನಾಡಿಗೆ ಬೆಳಕು ಕೊಟ್ಟವರು ಎಂಬ ಬಿರುದು ಪ್ರತಿ ಭಾಷಣದಲ್ಲೂ ಸಿಗುತ್ತದೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಒಂದೇ ಹೊಳೆಗೆ ಎಷ್ಟು ಕೈ.

ಸಿಂಗಳೀಕದ ಹೆಸರು ಹೇಳಿದರೆ ಕೆಲವರು ಮಂಗಕ್ಕಾಗಿ ಅಭಿವೃದ್ಧಿ ನಿಲ್ಲಿಸುವುದೇ ಎನ್ನುತ್ತಾರೆ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಇದೇ ಮಾತು ನಡೆದಿತ್ತು, ಇದೇ ಪ್ರಾಣಿಯ ವಿಷಯದಲ್ಲಿ. ಅಲ್ಲಿ ಜಲವಿದ್ಯುತ್ ಯೋಜನೆ ಕೈಬಿಟ್ಟರು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, ಕೇರಳ ಕತ್ತಲೆಯಲ್ಲೇನೂ ಮುಳುಗಲಿಲ್ಲ. ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯದೇ ಬೇಡ್ತಿ ಇದೆ. 210 ಮೆಗಾವ್ಯಾಟ್‌ನ ಬೇಡ್ತಿ ಯೋಜನೆ ಬಂದಾಗ ಶಿರಸಿಯ ತೋಟಗಾರರ ಸೊಸೈಟಿ 1981ರ ಜನವರಿಯಲ್ಲಿ ವಿಚಾರ ಸಂಕಿರಣ ನಡೆಸಿತು. ವಿಜ್ಞಾನಿಗಳನ್ನು, ಅರ್ಥಶಾಸ್ತ್ರದವರನ್ನು ಕರೆಸಿ, ಮುಳುಗುವ ತೋಟದ ಬೆಲೆ ಎಷ್ಟು, ಕಾಡಿನ ಬೆಲೆ ಎಷ್ಟು, ಬರುವ ಕರೆಂಟಿನ ಬೆಲೆ ಎಷ್ಟು ಎಂದು ಸರಕಾರದ ಲೆಕ್ಕದ ಎದುರು ತಮ್ಮ ಲೆಕ್ಕ ಇಟ್ಟರು. ಶಿವರಾಮ ಕಾರಂತರು ಆ ಹೋರಾಟದ ಜೊತೆಗಿದ್ದರು. ಆಗ ಇಐಎ ಅಧಿಸೂಚನೆ ಇರಲಿಲ್ಲ, ಅಹವಾಲು ಸಭೆ ಇರಲಿಲ್ಲ. ಅಡಿಕೆ ಬೆಳೆಗಾರರು ತಮ್ಮ ಸೊಸೈಟಿಯ ದುಡ್ಡಿನಲ್ಲಿ ಪರಿಶೀಲನೆ ಮಾಡಿ ತೋರಿಸಿದರು. ಯೋಜನೆ ನಿಂತಿತು. ಯೋಜನೆ ಬೇಕು ಎನ್ನುವವರೇ ದುಡ್ಡು ಕೊಟ್ಟು ತಮ್ಮ ಯೋಜನೆಯ ಇಐಎ ಬರೆಸುವ ಈಗಿನ ಪದ್ಧತಿಗಿಂತ ಅದು ಎಷ್ಟೋ ಪಾಲು ಪ್ರಾಮಾಣಿಕವಾದ ದಾರಿ ಎಂದು ನನಗೆ ಗಟ್ಟಿಯಾಗಿ ಅನಿಸಿದೆ.

ಗೇರುಸೊಪ್ಪೆಯ ಸಭೆಗೆ ಅಂಗಡಿ ಮುಚ್ಚಿ ಹೋಗಿದ್ದೆ. ಜನ ತುಂಬಿದ್ದರು, ವಿರೋಧದ ದನಿಯೇ ಜೋರು. ಅದರ ವರದಿ ಪತ್ರಿಕೆಗಳಲ್ಲಿ ಬಂದಿದೆ, ಮತ್ತೆ ಬರೆಯುವುದಿಲ್ಲ. ನಾನು ಹೇಳಬೇಕೆಂದಿರುವುದು ಇಂಥ ಸಭೆಯ ನಿಯಮಗಳ ಬಗ್ಗೆ, ಯಾಕೆಂದರೆ ವಾರಾಹಿಯಲ್ಲೂ 1,500 ಮೆಗಾವ್ಯಾಟ್‌ನ ಇಂಥದ್ದೇ ಯೋಜನೆಯ ಪ್ರಸ್ತಾವ ಇದೆ, ನಾಳೆ ಆ ಕಡೆಯವರಿಗೂ ನೋಟಿಸು ಬರುತ್ತದೆ.

ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಸಾರಾಂಶ ಕನ್ನಡದಲ್ಲಿ ಸಿಗಬೇಕು, ಕೇಳಿ ಪಡೆಯಿರಿ. ಇಡೀ ಕಲಾಪದ ವಿಡಿಯೊ ಆಗಬೇಕು. ಇಷ್ಟು ಜನ ಬಂದರೆ ಮಾತ್ರ ಸಭೆ ಎಂಬ ಕೋರಂ ಇಲ್ಲ, ಅಂದರೆ ನೀವು ಹೋಗದಿದ್ದರೂ ಸಭೆ ನಡೆದೇ ನಡೆಯುತ್ತದೆ, ನೀವು ಇಲ್ಲದೆಯೇ ದಾಖಲಾಗುತ್ತದೆ. ಎಲ್ಲಕ್ಕಿಂತ ಮುಖ್ಯ: ಕೊನೆಯಲ್ಲಿ ಜನ ಹೇಳಿದ್ದರ ಸಾರವನ್ನು ಅಲ್ಲೇ, ನಮ್ಮ ಭಾಷೆಯಲ್ಲಿ ಓದಿ ವಿವರಿಸಬೇಕು, ಅದೇ ದಿನ ಅಧ್ಯಕ್ಷತೆ ವಹಿಸಿದ ಅಧಿಕಾರಿ ಸಹಿ ಹಾಕಬೇಕು. ತಮ್ಮ ಮಾತು ಮುಗಿದ ಕೂಡಲೇ ಬಸ್ಸು ತಪ್ಪುತ್ತದೆ ಎಂದು ಎದ್ದು ಹೋಗುವುದು ನಮ್ಮವರ ರೂಢಿ. ಹೋಗಬೇಡಿ. ಓದುವವರೆಗೆ ಕೂತಿರಿ. ನಿಮ್ಮ ಬಾವಿ, ನಿಮ್ಮ ಅಬ್ಬಿ, ನಿಮ್ಮ ಬಳಚು ಆ ಕಾಗದದಲ್ಲಿ ಇದೆಯೇ ಎಂದು ಕೇಳಿಸಿಕೊಳ್ಳಿ. ಇಲ್ಲದಿದ್ದರೆ ಅಲ್ಲೇ ಎದ್ದು ನಿಂತು ಸೇರಿಸಿ ಎನ್ನಿ. ಬರೆದು ಕೊಟ್ಟಿದ್ದರೆ ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಅಧಿಸೂಚನೆಯಲ್ಲಿ ಇನ್ನೊಂದು ನಿಯಮ ಇದೆ. ಸಭೆಯಲ್ಲಿ ಜನ ಎತ್ತಿದ ಮುಖ್ಯ ಪರಿಸರ ಸಂಗತಿಗಳಿಗೆಲ್ಲ ಯೋಜನೆಯವರು ಉತ್ತರ ಕೊಡಬೇಕು, ಕರಡು ವರದಿಯಲ್ಲಿ ತಕ್ಕ ಬದಲಾವಣೆ ಮಾಡಬೇಕು, ಆಮೇಲೆಯೇ ಅಂತಿಮ ವರದಿ ದಿಲ್ಲಿಯ ತಜ್ಞರ ಸಮಿತಿಗೆ ಹೋಗಬೇಕು. ‘ಜನ ವಿರೋಧಿಸಿದರು’ ಎಂದು ಒಂದು ಸಾಲಿನಲ್ಲಿ ಬರೆದರೆ ಅದಕ್ಕೆ ‘ಮನವರಿಕೆ ಮಾಡಿಕೊಡಲಾಗುವುದು’ ಎಂದು ಇನ್ನೊಂದು ಸಾಲಿನ ಉತ್ತರ ಸಾಕಾಗುತ್ತದೆ. ‘ನಮ್ಮ ಅಬ್ಬಿಯ ನೀರನ್ನು ಏಪ್ರಿಲ್‌ನಲ್ಲಿ ಅಳೆದಿದ್ದೀರಾ’ ಎಂದು ಬರೆದರೆ ಅಳೆದ ಅಂಕಿ ಬೇಕಾಗುತ್ತದೆ. ವಿರೋಧಕ್ಕಿಂತ ಪ್ರಶ್ನೆಗೆ ಬೆಲೆ ಹೆಚ್ಚು ಎಂಬುದು ಈ ಪತ್ರಗಳನ್ನು ಟೈಪ್ ಮಾಡುತ್ತಾ ನಾನು ಕಲಿತದ್ದು. ಆಮೇಲೆ ಬಂದವರಿಗೆಲ್ಲ ನಾನೇ ಕೇಳತೊಡಗಿದೆ: ನಿಮ್ಮ ತೋಟದ ನೀರು ಎಲ್ಲಿಂದ ಬರುತ್ತದೆ, ಗುಡ್ಡ ಎಷ್ಟು ದೂರ, ಮಳೆಗಾಲದಲ್ಲಿ ಎಲ್ಲಿ ಮಣ್ಣು ಕುಸಿದಿತ್ತು? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದದ್ದನ್ನು ಕಂಡ ಜಿಲ್ಲೆ ಇದು. ಗುಡ್ಡ ಬಗೆದು ಸ್ಫೋಟ ಮಾಡುತ್ತೇವೆ ಎಂದಾಗ ಯಾವ ತಾಯಿಗೂ ನಿದ್ದೆ ಬರುವುದಿಲ್ಲ.

ಸಂಜೆಯ ಕರೆಂಟಿಗೆ ಬೇರೆ ದಾರಿ ಇದೆಯೇ ಎಂಬುದನ್ನೂ ಅದೇ ವರದಿ ಹೇಳಬೇಕು. ಪರ್ಯಾಯ ಜಾಗಗಳ ಅಧ್ಯಯನ ಇಐಎಯ ಭಾಗವೇ. ಆಂಧ್ರದ ಪಿನ್ನಾಪುರಂನಲ್ಲಿ ನದಿಯಿಂದ ದೂರ, ಕಲ್ಲುಗುಡ್ಡದ ಬಯಲಿನಲ್ಲಿ ಇಂಥ ಘಟಕ ಮಾಡಿದ್ದಾರೆ. ಬ್ಯಾಟರಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಪಾವಗಡದ ಪಕ್ಕದಲ್ಲೇ ಬ್ಯಾಟರಿ ಇಟ್ಟರೆ ನೂರಾರು ಕಿಲೋಮೀಟರ್ ದೂರದ ಕಾಡಿಗೆ ಕರೆಂಟು ತಂದು ನೀರೆತ್ತಿ ಮತ್ತೆ ವಾಪಸು ಒಯ್ಯುವ ಕೆಲಸ ತಪ್ಪುತ್ತದೆ. ಬ್ಯಾಟರಿಗೂ ಆಯುಷ್ಯ ಕಡಿಮೆ ಎಂಬ ಕೊರತೆ ಇದೆ, ಒಪ್ಪುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಕಾಡಿನ ಬೆಲೆಯನ್ನೂ ಸೇರಿಸಿ ಲೆಕ್ಕ ತೋರಿಸಲಿ. ಬೇಡ್ತಿಯಲ್ಲಿ ರೈತರು ತೋರಿಸಿದ್ದನ್ನು ಸರಕಾರ ತೋರಿಸಲಾರದೇ?

ಸಭೆಯ ಆಚೆ ಒಂದು ಒಳ್ಳೆಯ ಸಂಗತಿಯೂ ಆಗಿದೆ. ಕೇಂದ್ರ ಪರಿಸರ ಸಚಿವಾಲಯದ ಬೆಂಗಳೂರು ಪ್ರಾದೇಶಿಕ ಕಚೇರಿಯ ಅರಣ್ಯಾಧಿಕಾರಿ ಸ್ಥಳ ಪರಿಶೀಲನೆ ಮಾಡಿ, ಈ ಕಾಡಿನ ಭೂಮಿ ಕೊಡಬಾರದು ಎಂಬ ಶಿಫಾರಸು ಬರೆದಿದ್ದಾರೆ. ಕಾಡಿನೊಳಗೆ ನಡೆದು ಬಂದವರು ಬರೆದ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ನಾನು ಇದನ್ನು ಬರೆಯುವ ಹೊತ್ತಿಗೆ ಯೋಜನೆಗೆ ಅಂತಿಮ ಅನುಮತಿ ಸಿಕ್ಕಿಲ್ಲ, ಕೈಬಿಟ್ಟೂ ಇಲ್ಲ.

ಅಂಗಡಿಯ ಕಂಪ್ಯೂಟರಿನಲ್ಲಿ ಆ ಆಕ್ಷೇಪಣೆಗಳ ಪ್ರತಿಗಳನ್ನು ಬರೆಸಿದವರ ಒಪ್ಪಿಗೆ ಪಡೆದು ಇಟ್ಟುಕೊಂಡಿದ್ದೇನೆ. ಅಂತಿಮ ವರದಿ ಸಿಕ್ಕಿದ ದಿನ ಒಂದೊಂದನ್ನೇ ತೆರೆದು, ಯಾವ ಪ್ರಶ್ನೆಗೆ ಉತ್ತರ ಬಂದಿದೆ, ಯಾವುದಕ್ಕೆ ಬಂದಿಲ್ಲ ಎಂದು ಗುರುತು ಹಾಕಿ, ಬರೆಸಿದವರ ಮನೆಗೆ ಹೇಳಿ ಕಳಿಸುತ್ತೇನೆ. ಉತ್ತರ ಇಲ್ಲದವುಗಳನ್ನು ಒಟ್ಟು ಮಾಡಿ ತಜ್ಞರ ಸಮಿತಿಗೆ ನೇರ ಕಳಿಸುವುದೆಂದು ನಾಲ್ಕಾರು ಜನ ಮಾತಾಡಿಕೊಂಡಿದ್ದೇವೆ. ನಾನು ಮೊದಲು ಹುಡುಕುವುದು ಒಂದು ಕೋಷ್ಟಕವನ್ನು: ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಹೊಳೆಯ ನೀರಿನ ಉಪ್ಪಿನಂಶ, ತಿಂಗಳು ತಿಂಗಳಿಗೆ, ಭರತದಲ್ಲಿ ಎಷ್ಟು, ಇಳಿತದಲ್ಲಿ ಎಷ್ಟು, ಯೋಜನೆ ಬಂದ ಮೇಲೆ ಎಷ್ಟಾದೀತು.